ಹುರಿದ ಬೀಜ ಮತ್ತು ಗೃಹಶಾಂತಿ: ಬಳಕೆದಾರರ ಕೈಪಿಡಿ

ಈ ಕೈಪಿಡಿಯನ್ನು ಬೆಳಗಿನ ಮೊದಲ ಕಾಫಿಗೆ ಮುಂಚೆ ಓದಬೇಡಿ, ತಲೆಗೆ ಹೋಗುವುದಿಲ್ಲ. ಒಂದು ಲೋಟ ಕುಡಿದು, ಪೇಪರಿನ ತಲೆಬರಹಗಳ ಮೇಲೆ ಸಿಟ್ಟು ತೀರಿಸಿಕೊಂಡ ಮೇಲೆ ಓದಿ.

ಯಾರ ಉಪಯೋಗಕ್ಕೆ: ಕಾಫಿ ಪುಡಿ ಅಂಗಡಿಯಲ್ಲಿ ‘ಲೈಟಾ, ಮೀಡಿಯಮ್ಮಾ, ಡಾರ್ಕಾ?’ ಎಂದು ಕೇಳಿದಾಗ ‘ಯಾವಾಗ್ಲೂ ಕೊಡೋದೇ ಕೊಡಿ’ ಎಂದು ಪಾರಾಗಿ ಬಂದವರಿಗೆ. ಹೊಸ ಕಾಲದ ಕೆಫೆಯಲ್ಲಿ ಹಾಲು-ಸಕ್ಕರೆ ಕೇಳಿ, ಕೌಂಟರಿನ ಹುಡುಗ ಮುಖ ನೋಡಿದ ರೀತಿಗೆ ಮುದುಡಿಕೊಂಡವರಿಗೂ ಆದೀತು.

ವಸ್ತುವಿನ ಪರಿಚಯ

ಹಸಿ ಕಾಫಿ ಬೀಜಕ್ಕೆ ಕಾಫಿಯ ವಾಸನೆಯೇ ಇರುವುದಿಲ್ಲ. ಬೂದು ಬೆರೆತ ಹಸಿರು ಬಣ್ಣ, ಹಲ್ಲಿಗೆ ಜಗ್ಗದ ಗಟ್ಟಿತನ, ಮೂಗಿಗೆ ಹಿಡಿದರೆ ಒಣಹುಲ್ಲು. ಒಳಗೆ ನೂರಕ್ಕೆ 10ರಿಂದ 12 ಪಾಲು ನೀರು. ನಾವು ಕಾಫಿ ಎಂದು ಕರೆಯುವುದೆಲ್ಲ ಬೆಂಕಿ ತಗುಲಿದ ಮೇಲೆ ಹುಟ್ಟಿದ್ದು.

ಅರಬ್ ವ್ಯಾಪಾರಿಗಳು ಬೀಜ ಬೇರೆ ದೇಶದಲ್ಲಿ ಮೊಳೆಯಬಾರದೆಂದು ಹುರಿದೋ ಬೇಯಿಸಿಯೋ ಹೊರಗೆ ಕಳಿಸುತ್ತಿದ್ದರಂತೆ. 17ನೇ ಶತಮಾನದಲ್ಲಿ ಸೂಫಿ ಸಂತ ಬಾಬಾ ಬುಡನ್ ಯೆಮನ್‌ನ ಮೋಕಾ ಬಂದರಿನಿಂದ ಏಳು ಹಸಿಬೀಜ ಅಡಗಿಸಿ ತಂದು ಚಂದ್ರಗಿರಿಯಲ್ಲಿ ನೆಟ್ಟರು ಎಂಬುದು ನಮ್ಮ ಕಡೆಯ ಕತೆ. ಅವರು ಅಂದು ಡಾರ್ಕ್ ರೋಸ್ಟ್ ಆರಿಸಿಕೊಂಡಿದ್ದರೆ ಚಿಕ್ಕಮಗಳೂರಿನಲ್ಲಿ ಇಂದು ತೋಟವೂ ಇಲ್ಲ, ಹೋಂಸ್ಟೇಯೂ ಇಲ್ಲ. ಹುರಿಯುವ ಮಟ್ಟದ ಆಯ್ಕೆಯನ್ನು ಸಸಾರ ಮಾಡಬೇಡಿ.

ಕಾರ್ಯವಿಧಾನ

ಬಿಸಿ ಏರಿದಂತೆ ಬೀಜದ ನೀರು ಆರುತ್ತದೆ, ಹಸಿರು ಹೋಗಿ ಹಳದಿ ಬರುತ್ತದೆ, ಆಮೇಲೆ ಕಂದು. 200 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಒಳಗಿನ ಆವಿ ತಡೆಯಲಾರದೆ ಬೀಜ ಸಿಡಿಯುತ್ತದೆ. ಅರಳು ಹುರಿಯುವಾಗ ಬಾಣಲೆಯಿಂದ ಬರುವ ಚಟಪಟದಂಥದೇ ಸದ್ದು. ಇದು ಮೊದಲ ಸಿಡಿತ. ಬೀಜ ಉಬ್ಬುತ್ತದೆ, ಮೈಗಂಟಿದ ತೆಳುಪೊರೆ ಹೊಟ್ಟಾಗಿ ಹಾರುತ್ತದೆ. ಇದು ಮುಗಿಯುತ್ತಲೇ ಇಳಿಸಿದರೆ ಲೈಟ್ ರೋಸ್ಟ್. ಇನ್ನೊಂದೆರಡು ನಿಮಿಷ ಬಿಟ್ಟರೆ ಮೀಡಿಯಂ. 225 ಡಿಗ್ರಿಯ ಹತ್ತಿರ ಎರಡನೆಯ ಸಿಡಿತ. ಸದ್ದು ಸಣ್ಣದು, ಆದರೆ ಬಿರುಸು. ಅಲ್ಲಿಂದ ಮುಂದೆ ಡಾರ್ಕ್, ಬೀಜದ ಮೈಮೇಲೆ ಎಣ್ಣೆ ಜಿನುಗುತ್ತದೆ. ಇನ್ನೂ ಬಿಟ್ಟರೆ ಇದ್ದಿಲು. ಅದಕ್ಕೆ ಈ ಕೈಪಿಡಿಯಲ್ಲಿ ಅಧ್ಯಾಯವಿಲ್ಲ.

ಮಲೆನಾಡು, ಕೊಡಗಿನ ಹಳೆಯ ಮನೆಗಳಲ್ಲಿ ಕೆಂಡದ ಮೇಲೆ ಹಿಡಿಕೆ ತಿರುಗಿಸುವ ಕಬ್ಬಿಣದ ಡಬ್ಬಿಯಲ್ಲಿ ಹುರಿಯುತ್ತಿದ್ದರು. ಅದಕ್ಕೆ ಥರ್ಮಾಮೀಟರೂ ಇಲ್ಲ, ಗಡಿಯಾರವೂ ಇಲ್ಲ. ಹೊಗೆಯ ಬಣ್ಣ ನೋಡಿ, ವಾಸನೆ ಹಿಡಿದು, ‘ಸಾಕು, ಇಳ್ಸು’ ಎಂದು ಒಳಗಿನಿಂದ ಅಜ್ಜಿ ಕೂಗಿದಾಗ ಇಳಿಸಿ ಮೊರಕ್ಕೆ ಸುರಿದು ಗಾಳಿ ಹಾಕುವುದು. ಈ ಗಾಳಿ ಹಾಕುವುದೇ ಮುಖ್ಯ. ಒಲೆಯಿಂದ ಇಳಿಸಿದರೂ ಬೀಜ ತನ್ನದೇ ಬಿಸಿಯಲ್ಲಿ ಹುರಿದುಕೊಳ್ಳುತ್ತಿರುತ್ತದೆ. ಈಗಿನ ಯಂತ್ರಗಳಲ್ಲಿ ಬೀಜ ತಿರುವುತ್ತಾ ತಣಿಸುವ ಫ್ಯಾನಿನ ತಟ್ಟೆ ಇರುವುದು ಇದೇ ಕಾರಣಕ್ಕೆ.

ವ್ಯಾಪಾರದ ಒಂದು ಮಾತು: ಒಂದು ಕಿಲೋ ಹಸಿಬೀಜ ಲೈಟಾಗಿ ಹುರಿದರೆ 870 ಗ್ರಾಂ, ಡಾರ್ಕ್ ಆದರೆ 800 ಗ್ರಾಂ ಉಳಿದೀತು. ಕಪ್ಪಾದಷ್ಟೂ ಅಂಗಡಿಯವನಿಗೆ ತೂಕ ನಷ್ಟ.

ಹೊಂದಾಣಿಕೆ

ಇದೇ ಈ ಕೈಪಿಡಿಯ ಹೃದಯಭಾಗ. ಉಳಿದುದನ್ನು ಹಾರಿಸಿ ಓದಿದರೂ ಇದನ್ನು ಹಾರಿಸಬೇಡಿ. ಹುರಿತವನ್ನು ಆರಿಸುವ ಮೊದಲು ಕೇಳಿಕೊಳ್ಳಬೇಕಾದದ್ದು ‘ನನಗೆ ಯಾವ ರುಚಿ ಇಷ್ಟ’ ಎಂದಲ್ಲ, ‘ನಾನು ಹಾಲು ಹಾಕುತ್ತೇನೆಯೇ’ ಎಂದು.

ಲೈಟ್ ರೋಸ್ಟಿನಲ್ಲಿ ಹಣ್ಣಿನ ಹುಳಿ ಉಳಿದಿರುತ್ತದೆ. ಬೀಜ ಯಾವ ತೋಟದ್ದು, ಹಣ್ಣಿನ ತಿರುಳು ತೆಗೆದು ತೊಳೆದು ಒಣಗಿಸಿದ್ದೋ, ಹಣ್ಣನ್ನೇ ಕಣದಲ್ಲಿ ಒಣಗಿಸಿದ್ದೋ ಎಂಬುದೆಲ್ಲ ನಾಲಿಗೆಗೆ ಗೊತ್ತಾಗುವುದು ಈ ಮಟ್ಟದಲ್ಲಿ. ಹಾಲಿಲ್ಲದೆ ಕುಡಿಯಿರಿ, ಸೊಗಸು. ಅದೇ ಪುಡಿಯನ್ನು ಫಿಲ್ಟರಿಗೆ ಹಾಕಿ, ಡಿಕಾಕ್ಷನ್ನಿಗೆ ಗಟ್ಟಿ ಹಾಲು ಬೆರೆಸಿ ಮನೆಯವರಿಗೆ ಕೊಡಿ. ಮೊದಲ ಗುಟುಕಿಗೇ ‘ಹಾಲು ಹುಳಿ ಬಂದಿದೆ’ ಎಂಬ ತೀರ್ಪು ಹೊರಬೀಳುತ್ತದೆ. ಪ್ಯಾಕೆಟ್ ಮೇಲಿನ ದಿನಾಂಕ ನೋಡುತ್ತಾರೆ, ಫ್ರಿಜ್ಜಿನ ಬಾಗಿಲು ಯಾರು ತೆರೆದಿಟ್ಟರು ಎಂಬ ವಿಚಾರಣೆ ನಡೆಯುತ್ತದೆ. ಹಾಲು ನಿರಪರಾಧಿ.

ಮೀಡಿಯಂನಲ್ಲಿ ಹುಳಿ ತಗ್ಗಿ, ಸಕ್ಕರೆ ಕಂದಿದ ಸಿಹಿ ಮತ್ತು ಹದವಾದ ಕಹಿ ಬರುತ್ತದೆ. ಹಾಲು ಹಾಕಿದರೆ ಸೋಲುವುದಿಲ್ಲ, ಹಾಕದಿದ್ದರೆ ಕಾಡುವುದಿಲ್ಲ. ಡಾರ್ಕಿನಲ್ಲಿ ಕಹಿಯದೇ ಯಜಮಾನಿಕೆ. ಅರ್ಧ ಲೋಟ ಹಾಲು, ಎರಡು ಚಮಚ ಸಕ್ಕರೆಗೂ ಜಗ್ಗುವುದಿಲ್ಲ. ಅದಕ್ಕೊಂದು ಬೆಲೆಯಿದೆ: ಬೀಜದ ದೋಷವನ್ನು ಮುಚ್ಚುವಂತೆಯೇ ಗುಣವನ್ನೂ ಮುಚ್ಚುತ್ತದೆ. ಒಳ್ಳೆಯ ಪ್ಲಾಂಟೇಶನ್ ಎ ಅಥವಾ ಪೀಬೆರಿ ದರ್ಜೆಯ ಬೀಜಕ್ಕೆ ಹೆಚ್ಚು ದುಡ್ಡು ಕೊಟ್ಟು ಅದನ್ನು ಎಣ್ಣೆ ಸುರಿಯುವಷ್ಟು ಹುರಿಸುವವರನ್ನು ಕಂಡರೆ ನನಗೆ ತೋಟದವರ ಬಗ್ಗೆ ಅಯ್ಯೋ ಎನಿಸುತ್ತದೆ. ಕರಕಲಿಗೆ ಊರಿಲ್ಲ, ಬಾಬಾ ಬುಡನ್‌ಗಿರಿಯದಾದರೂ ಬ್ರೆಜಿಲ್‌ನದಾದರೂ ಅದೇ ರುಚಿ.

ಹಾಗಾಗಿ ಹಾಲಿನ ಮನೆತನದವರು ಮೀಡಿಯಂನಿಂದ ಶುರುಮಾಡಿ ಮೀಡಿಯಂ ಡಾರ್ಕ್‌ವರೆಗೆ ಹೋಗಿ, ಅಲ್ಲಿ ನಿಲ್ಲಿ. ಬ್ಲ್ಯಾಕ್ ಕುಡಿಯುವವರು ಮೀಡಿಯಂನಿಂದ ಕೆಳಗಿಳಿಯಿರಿ.

ಎಚ್ಚರಿಕೆ: ‘ಸ್ಟ್ರಾಂಗ್ ಬೇಕು’ ಎನ್ನುವ ಗ್ರಾಹಕರು

ಕಾಫಿ ಕಪ್ಪಾದ ಮಾತ್ರಕ್ಕೆ ಕೆಫೀನ್ ಹೆಚ್ಚುವುದಿಲ್ಲ. ತೂಕ ಹಾಕಿ ತೆಗೆದುಕೊಂಡರೆ ಲೈಟಿನಲ್ಲೂ ಡಾರ್ಕಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ನಿದ್ದೆ ಕೆಡಿಸುವ ಶಕ್ತಿ ಬೇಕಿದ್ದರೆ ರೊಬಸ್ಟಾ ಬೆರೆಸಿಕೊಳ್ಳಿ. ಅರೇಬಿಕಾದ ಸುಮಾರು ಇಮ್ಮಡಿ ಕೆಫೀನ್ ಅದರಲ್ಲಿದೆ. ಡಿಕಾಕ್ಷನ್ ಕಪ್ಪಗೆ ಮಂದವಾಗಿ ಕಂಡರೆ ಸಾಕು ಎನ್ನುವವರಿಗೆ ಚಿಕೋರಿ ಇದೆ. ಅದು ಒಂದು ಗಿಡದ ಬೇರನ್ನು ಹುರಿದ ಪುಡಿ, ಕೆಫೀನ್ ಸೊನ್ನೆ. ಬೆರಕೆ ಪುಡಿಯಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಬಾರದೆಂದು ನಮ್ಮ ಕಾನೂನು ಹೇಳುತ್ತದೆ. ಅಂದರೆ 49ರವರೆಗೆ ಬೇರನ್ನೇ ಕುಡಿಸಲು ಅನುಮತಿಯಿದೆ. ಪೊಟ್ಟಣದ ಮೇಲಿನ ಸಣ್ಣಕ್ಷರ ಓದಲು ಕನ್ನಡಕ ಹಾಕಿಕೊಳ್ಳಿ. ಹುರಿತ ತಿಳಿಯಬೇಕೆಂದರೆ ಚಿಕೋರಿ ಇಲ್ಲದ ಪುಡಿಯಲ್ಲೇ ತಿಳಿಯಬೇಕು. ಬೇಕಾದರೆ ಆಮೇಲೆ ಬೆರೆಸಿಕೊಳ್ಳಿ, ನನ್ನ ಅಡ್ಡಿಯಿಲ್ಲ.

ಪರೀಕ್ಷೆ

ಒಂದೇ ಬೀಜವನ್ನು ಎರಡು ಮಟ್ಟದಲ್ಲಿ ಹುರಿದದ್ದನ್ನು ನೂರು ನೂರು ಗ್ರಾಂ ತನ್ನಿ. ನೀರು, ಹಾಲು, ಸಕ್ಕರೆ, ಪುಡಿಯ ನುಣುಪು ಎಲ್ಲ ಒಂದೇ ಇರಲಿ. ಯಾವುದು ಯಾವುದೆಂದು ಹೇಳದೆ ಮನೆಯವರ ಮುಂದಿಡಿ. ‘ಡಾರ್ಕ್ ಬಿಟ್ಟು ಬೇರೆ ಕುಡಿಯೋದೇ ಇಲ್ಲ’ ಎನ್ನುವ ಮಾವನವರು ಮೀಡಿಯಂ ಲೋಟವನ್ನು ಖಾಲಿ ಮಾಡಿ ಇಟ್ಟರೆ, ಅಲ್ಲೇ ಘೋಷಿಸಬೇಡಿ. ಮರುದಿನದಿಂದ ಸದ್ದಿಲ್ಲದೆ ಅದನ್ನೇ ಹಾಕಿ.

ದೋಷ ನಿವಾರಣೆ

ಫಿಲ್ಟರ್ ಇಳಿಯುತ್ತಿಲ್ಲ, ನೆಂಟರು ಬಂದು ಕೂತಿದ್ದಾರೆ: ಡಾರ್ಕ್ ಬೀಜ ಪೆಡಸು, ಬೀಸುವಾಗ ಹುಡಿ ಹೆಚ್ಚಾಗಿ ತೂತು ಕಟ್ಟುತ್ತದೆ. ಮುಂದಿನ ಸಲ ತುಸು ತರಿಯಾಗಿ ಬೀಸಿಸಿ. ಸದ್ಯಕ್ಕೆ ಫಿಲ್ಟರಿನ ಮೈ ಮೆಲ್ಲಗೆ ತಟ್ಟಿ, ನೆಂಟರ ಮಕ್ಕಳ ಓದಿನ ಬಗ್ಗೆ ವಿಚಾರಿಸಿ.

ಲೈಟ್ ರೋಸ್ಟಿನ ಡಿಕಾಕ್ಷನ್ ನೀರುನೀರಾಗಿದೆ: ಆ ಬೀಜ ಗಟ್ಟಿ, ಸತ್ವ ಸುಲಭಕ್ಕೆ ಬಿಡುವುದಿಲ್ಲ. ನುಣ್ಣಗೆ ಬೀಸಿಸಿ, ನೀರು ಚೆನ್ನಾಗಿ ಕುದಿದಿರಲಿ.

ಬಿಸಿನೀರು ಹಾಕಿದಾಗ ಪುಡಿ ಉಬ್ಬಿ ನೊರೆ ಬರುತ್ತದೆ: ದೋಷವಲ್ಲ. ಹುರಿದ ಬೀಜ ಕೆಲವು ದಿನ ಇಂಗಾಲದ ಡೈಆಕ್ಸೈಡ್ ಬಿಡುತ್ತಿರುತ್ತದೆ. ನೊರೆ ಇಲ್ಲದ ಪುಡಿಗೇ ವಯಸ್ಸಾಗಿದೆ.

ಕಾಫಿಗೆ ಹುಳಿಯ ಘಮ: ಪುಡಿಯ ಡಬ್ಬಿ ಸಾರಿನ ಪಾತ್ರೆಯ ಪಕ್ಕ ಬಾಯಿ ತೆರೆದು ಕೂತಿದೆ. ಯಾವ ರೋಸ್ಟೂ ಇದನ್ನು ಸರಿಪಡಿಸಲಾರದು.

ಖಾತರಿ

ಎರಡು ವಾರಕ್ಕೆ ಸಾಕಾಗುವಷ್ಟೇ ಪುಡಿ ತನ್ನಿ. ಹುರಿದ ದಿನಾಂಕ ಬರೆಯದ ಪೊಟ್ಟಣಕ್ಕೆ ಈ ಕೈಪಿಡಿ ಅನ್ವಯಿಸುವುದಿಲ್ಲ. ಅಂಗಡಿಯವರನ್ನು ಕೇಳಿ, ಹೇಳದಿದ್ದರೆ ಬೇರೆ ಅಂಗಡಿಗೆ ಹೋಗಿ.