ಬೆಳೆಯುವವರೊಬ್ಬರು, ಹೆಚ್ಚುವವರೊಬ್ಬರು

ತರಕಾರಿಗಳಲ್ಲಿ ಎರಡು ಜಾತಿ. ಬೆಳೆಯೋಕೆ ಚೆಂದ ಇರುವವು, ತಿನ್ನೋಕೆ ಚೆಂದ ಇರುವವು. ಎರಡೂ ಒಂದೇ ಬಳ್ಳಿಯಲ್ಲಿ ಸಿಕ್ಕಿದರೆ ಆ ಮನೆಯ ಸಂಸಾರ ಸುಸೂತ್ರ. ನಮ್ಮಲ್ಲಿ ಬೆಳೆಯುವವರು ಯಜಮಾನರು, ಹೆಚ್ಚುವವಳು ನಾನು. ಅವರು ನಿವೃತ್ತರಾದ ಮೇಲೆ ಮೈಸೂರಿನ ಈ ಮನೆಯ ತಾರಸಿ ನನ್ನ ಕೈ ಬಿಟ್ಟುಹೋಯಿತು. ಬಟ್ಟೆ ಒಣಹಾಕುತ್ತಿದ್ದ ಹಗ್ಗದ ಮೇಲೆ ಈಗ ಪಡುವಲ ಬಳ್ಳಿ. ನೆಟ್ಟಗೆ ಬೆಳೆಯಲಿ ಅಂತ ಒಂದೊಂದು ಕಾಯಿಯ ತುದಿಗೂ ಒಂದೊಂದು ಕಲ್ಲು ಕಟ್ಟಿದ್ದಾರೆ. ಸೀರೆ ಒಣಹಾಕಲು ಹೋದರೆ ಹಣೆಗೆ ಕಲ್ಲೇಟು.

ಟೊಮೇಟೊ ಆದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕ ರಕ್ಷಕ್’ ತಳಿಯೇ ಆಗಬೇಕು. ಮೂರು ರೋಗ ತಡೆಯುವ ತಳಿ ಅದು. ಎಲೆ ಮುದುಡು, ಸೊರಗು, ಅಂಗಮಾರಿ ಅಂತ ಬಂದವರಿಗೆಲ್ಲ ಬೆರಳು ಮಡಚಿ ಹೇಳುತ್ತಾರೆ. ಕೋತಿಯನ್ನು ತಡೆಯುವ ತಳಿ ಇನ್ನೂ ಬಂದಿಲ್ಲ. 2023ರ ಜುಲೈನಲ್ಲಿ ಟೊಮೇಟೊ ಕಿಲೋಗೆ ನೂರು ರೂಪಾಯಿ ದಾಟಿ ಊರೆಲ್ಲ ಹುಣಸೆಹಣ್ಣಿನ ಸಾರು ಕುಡಿಯುತ್ತಿದ್ದಾಗ ನಮ್ಮ ಕುಂಡಗಳಲ್ಲಿ ಬರೀ ಹಳದಿ ಹೂವು. ಹಣ್ಣಾಗಿದ್ದು ಯಾವಾಗ ಅಂತೀರಾ? ತಳ್ಳುಗಾಡಿಯವನು ಬೆಲೆ ಇಳಿಸಿ ಕೂಗಲು ಶುರು ಮಾಡಿದ ಮೇಲೆ.

ಇನ್ನು ಬಳ್ಳಿಗಳ ವಿಷಯ ಕೇಳಿ. ಕುಂಬಳದಲ್ಲಿ ಮೊದಲು ಬರುವುದೆಲ್ಲ ಗಂಡು ಹೂವು. ವಾರಗಟ್ಟಲೆ ಮೆರೆದು ಉದುರುತ್ತವೆ, ಮನೆಗೆ ನಯಾಪೈಸೆ ಉಪಯೋಗವಿಲ್ಲ. (ನಾನು ಯಾರನ್ನೂ ಉದ್ದೇಶಿಸಿ ಹೇಳುತ್ತಿಲ್ಲ.) ಆಮೇಲೆ ಬುಡದಲ್ಲೊಂದು ಮರಿಕಾಯಿ ಹೊತ್ತುಕೊಂಡು ಹೆಣ್ಣು ಹೂವು ಬರುತ್ತದೆ. ನಮ್ಮ ತಾರಸಿಗೆ ಜೇನುನೊಣ ಬರುವುದು ಅಪರೂಪವಾದ್ದರಿಂದ ಆ ಕೆಲಸವೂ ಯಜಮಾನರದೇ. ಗಂಡು ಹೂವು ಕಿತ್ತು, ದಳ ಸುಲಿದು, ಒಳಗಿನ ಪರಾಗವನ್ನು ಹೆಣ್ಣು ಹೂವಿಗೆ ಮೆಲ್ಲಗೆ ಸವರುತ್ತಾರೆ. ಕುಂಬಳದ ಹೂ ನಸುಕಿಗೆ ಅರಳಿ ಬಿಸಿಲೇರುವ ಹೊತ್ತಿಗೆ ಮುದುಡುತ್ತೆ, ಹೀರೆಯದು ಅರಳುವುದೇ ಸಂಜೆ. ಹಾಗಾಗಿ ದಿನಕ್ಕೆರಡು ಮುಹೂರ್ತ. ನಮ್ಮಣ್ಣನ ಮಗಳ ಧಾರೆ ಮುಗಿದ ಮೇಲೆ ಛತ್ರಕ್ಕೆ ಬಂದ ಮಹಾಶಯರು ಇವರೇ.

ಆದರೂ ಹೀರೆಗೆ ನನ್ನ ಓಟುಂಟು. ಏಣು ಹೆರೆದ ಸಿಪ್ಪೆ ಚಟ್ನಿಗೆ, ತಿರುಳು ತೊವ್ವೆಗೆ, ಮಳೆ ಬಂದರೆ ಬಿಲ್ಲೆ ಹೆಚ್ಚಿ ಬಜ್ಜಿಗೆ. ಬೆಂಡೆಗೆ ಅಷ್ಟು ತಾಳ್ಮೆ ಇಲ್ಲ. ಇವತ್ತು ಎಳಸು ಅಂತ ಬಿಟ್ಟರೆ ನಾಳಿದ್ದು ನಾರು; ತುದಿ ಮುರಿದಾಗ ‘ಟಕ್’ ಅನ್ನದ ಬೆಂಡೆಯನ್ನು ನಾನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅವರೆಯಂತೂ ಕುಂಡದಲ್ಲಿ ಹಾಕಲೇಬೇಡಿ. ಇಡೀ ಬಳ್ಳಿ ಬಿಡಿಸಿ, ನೆನೆಸಿ, ಹಿತಕಿದರೆ ಒಂದು ಲೋಟ ಬೇಳೆಯೂ ಆಗುವುದಿಲ್ಲ, ನಾಲ್ಕು ಜನ ನೆಂಟರು ಮಾತ್ರ ಸೊಗಡು ಹಿಡಿದು ಬಂದಿರುತ್ತಾರೆ.

ಈಗ ಸೀಮೆಬದನೆ. ಇದಕ್ಕೆ ಬೀಜ ಬಿತ್ತುವ ರಗಳೆ ಇಲ್ಲ. ತರಕಾರಿ ಬುಟ್ಟಿಯಲ್ಲಿ ಮರೆತ ಕಾಯಿ ತಾನೇ ಮೊಳಕೆ ನಾಲಿಗೆ ಚಾಚುತ್ತದೆ, ಇಡೀ ಕಾಯಿಯನ್ನೇ ಹೂಳಬೇಕು. ಹೂಳಿದರು. ಬಳ್ಳಿ ಚಪ್ಪರ ತುಂಬಿತು, ಪ್ಯಾರಾಪೆಟ್ ದಾಟಿತು, ಪಕ್ಕದ ಮನೆಯ ಸಜ್ಜಾ ಏರಿತು. ಆಮೇಲೆ ಕಾಯಿ ಬಿಡಲು ಶುರು. ಪಲ್ಯ, ಸಾಂಬಾರು, ಮಜ್ಜಿಗೆಹುಳಿ, ಸಿಪ್ಪೆ ಚಟ್ನಿ, ಮತ್ತೆ ಪಲ್ಯ. ಇದರ ಹುಟ್ಟೂರು ಮೆಕ್ಸಿಕೊ ಕಡೆ. ಅಲ್ಲಿನವರು ಊರಾಚೆ ಹಂಚಿ ಕೈತೊಳೆದುಕೊಂಡಿರಬೇಕು. ನಾವೂ ಹಂಚಿದೆವು. ಈಗ ಯಜಮಾನರು ಚೀಲ ಹಿಡಿದು ಬೀದಿಗಿಳಿದರೆ ಎದುರು ಮನೆಯ ಟೀವಿ ಸದ್ದು ಥಟ್ಟನೆ ನಿಲ್ಲುತ್ತದೆ.

ನನ್ನನ್ನು ಕೇಳಿದರೆ ಬಸಳೆಯೇ ಬಸಳೆ. ನನ್ನ ತವರು ಉಡುಪಿ ಕಡೆ. ಬಚ್ಚಲು ನೀರು ಹರಿದುಹೋಗುವ ಜಾಗದಲ್ಲಿ ಬಸಳೆ ಚಪ್ಪರವಿಲ್ಲದ ಮನೆ ನಮ್ಮ ಕೇರಿಯಲ್ಲಿರಲಿಲ್ಲ. ಒಂದು ದಂಟು ಊರಿದರೆ ಸಾಕು, ಕುಡಿ ಚಿವುಟಿದಷ್ಟೂ ಕವಲೊಡೆಯುತ್ತದೆ. ಬೆಳ್ಳುಳ್ಳಿ ಒಗ್ಗರಣೆ ಬಿದ್ದ ಬಸಳೆ ಕೊದ್ದೆಲನ್ನು ಕುಚ್ಚಲಕ್ಕಿ ಅನ್ನದ ಮೇಲೆ ಸುರಿದುಕೊಂಡು, ದಪ್ಪ ದಂಟನ್ನು ಕಚ್ಚಿ ಚೀಪಬೇಕು. ಮೈಸೂರಿನವರಾದ ಯಜಮಾನರು ಮೊದಲ ತುತ್ತಿಗೇ “ಏನೇ ಇದು, ಲೋಳೆ ಲೋಳೆ” ಅಂದರು. ಬೂದಿಗುಂಬಳದ ಜ್ಯೂಸು ಕುಡಿಯುವ ಬಾಯಿಗೆ ಬಸಳೆ ಲೋಳೆಯಾಯಿತು! “ಹಾಗಾದರೆ ನಿಮ್ಮೂರ ಕಡೆಯ ಬದನೆ, ಮಟ್ಟು ಗುಳ್ಳ ಹಾಕ್ಲೇನೇ?” ಅಂತ ರಾಜಿಗೆ ಬಂದರು. “ಹಾಕಿ. ಕಾಯಿ ಬಂದರೂ ಬಂದೀತು, ಹೆಸರು ಬರೋದಿಲ್ಲ ರೀ” ಅಂದೆ. 2011ರಲ್ಲಿ ಸಿಕ್ಕ ಭೌಗೋಳಿಕ ಮಾನ್ಯತೆ ಮಟ್ಟು ಕಡೆಯ ಗುಳ್ಳಕ್ಕೆ, ನಮ್ಮ ತಾರಸಿಯ ಪ್ಲಾಸ್ಟಿಕ್ ಬಕೆಟ್ಟಿಗಲ್ಲ.

ಈಗ ತಾರಸಿಯ ಮೂಲೆಯಲ್ಲಿ ನನ್ನದೇ ಒಂದು ಬಸಳೆ ಚಪ್ಪರ ಎದ್ದಿದೆ, ಯಜಮಾನರ ಅನುಮತಿ ಇಲ್ಲದೆ. ನೆಡಲು ದಂಟು ಬೇಕಾದವರು ಧಾರಾಳವಾಗಿ ಬನ್ನಿ, ಕಾಸು ಬೇಡ. ಒಂದೇ ಷರತ್ತು: ಒಂದು ದಂಟಿಗೆ ಎರಡು ಕಿಲೋ ಸೀಮೆಬದನೆ ಹೊತ್ತುಕೊಂಡು ಹೋಗಬೇಕು.