ದೇವದತ್ತನ 18,640 ರೂಪಾಯಿ: ಒಂದು ಪ್ರಮಾಣ ವಿಚಾರ

ನಮ್ಮ ಶಾಸ್ತ್ರಗ್ರಂಥಗಳಲ್ಲಿ ದೇವದತ್ತನಷ್ಟು ಅನುಮಾನಕ್ಕೆ ಗುರಿಯಾದವನು ಇನ್ನೊಬ್ಬನಿಲ್ಲ. ಹಗಲು ಉಣ್ಣುವುದಿಲ್ಲ, ಆದರೂ ಮೈ ದಪ್ಪಗಿದೆ, ಆದ್ದರಿಂದ ರಾತ್ರಿ ಉಣ್ಣುತ್ತಿರಬೇಕು ಎಂದು ಮೀಮಾಂಸಕರು ಅವನ ಮೇಲೆ ಹೊರಿಸಿ, ಆ ಹೊರಿಸುವಿಕೆಗೆ ಅರ್ಥಾಪತ್ತಿ ಎಂದು ಹೆಸರಿಟ್ಟರು. ಈಚೆಗೆ ಅವನು ದಾವಣಗೆರೆಯಲ್ಲಿ ನೆಲೆಸಿ, ಮೂರು ಲಕ್ಷ ಮಿತಿಯ ಒಂದು ಕ್ರೆಡಿಟ್ ಕಾರ್ಡನ್ನೂ ಇಟ್ಟುಕೊಂಡಿದ್ದಾನೆ. ಒಂದು ಶುಕ್ರವಾರ ಬೆಳಗಿನ ಜಾವ 2.40ಕ್ಕೆ, ಅವನು ಗೊರಕೆ ಹೊಡೆಯುತ್ತಿದ್ದಾಗ, ಯಾವುದೋ ಪರದೇಶದ ಅಂಗಡಿ ಆ ಕಾರ್ಡಿನಿಂದ 18,640 ರೂಪಾಯಿ ಎಳೆದುಕೊಂಡಿತು. ಖರ್ಚು ಮಾಡಿದವನು ದೇವದತ್ತನಲ್ಲ ಎಂಬ ಜ್ಞಾನ ಬ್ಯಾಂಕಿಗೆ ಯಾವ ಪ್ರಮಾಣದಿಂದ ಉಂಟಾಗಬೇಕು ಎಂಬುದೇ ಪ್ರಸ್ತುತ ವಿಚಾರ.

ಪ್ರತ್ಯಕ್ಷ ಇಲ್ಲಿ ಸಲ್ಲದು. ಅವನು ಮಲಗಿದ್ದನ್ನು ಕಂಡೆನೆಂದು, ಅಥವಾ ಕನಿಷ್ಠ ಗೊರಕೆ ಕೇಳಿದೆನೆಂದು, ಹೆಂಡತಿ ಹೇಳಬಲ್ಲಳು. ದೂರಿನ ಫಾರಂನಲ್ಲಿ ಆಕೆಗೆ ಕಾಲಂ ಇಲ್ಲ. ಉಪಮಾನ ಬ್ಯಾಂಕಿನ ಯಂತ್ರದ ವಿದ್ಯೆ: ಹಳೆಯ ಖರ್ಚಿಗೆ ಹೊಸದನ್ನು ಹೋಲಿಸಿ ಕಳ್ಳನನ್ನು ಗುರುತಿಸುತ್ತದಂತೆ. ಇದೇ ಯಂತ್ರ ಹಿಂದಿನ ತಿಂಗಳು ಹುಬ್ಬಳ್ಳಿಯ ಸೀರೆ ಅಂಗಡಿಯಲ್ಲಿ ದೇವದತ್ತನನ್ನೇ ಸಂಶಯಿಸಿ ಕಾರ್ಡು ತಡೆದಿತ್ತು. ಹೆಂಡತಿ ಪಕ್ಕದಲ್ಲೇ ನಿಂತಿದ್ದಳು, ಆದರೆ ಅದು ಬೇರೊಂದು ಗ್ರಂಥದ ವಿಷಯ.

ಉಳಿದದ್ದು ಅರ್ಥಾಪತ್ತಿ. ಅದರ ಇಂದಿನ ಆಚಾರ್ಯನು ಕಾಲ್ ಸೆಂಟರಿನ ಯಜ್ಞದತ್ತ.

"ಸರ್, ಓಟಿಪಿ ಯಾರಿಗಾದ್ರೂ ಹೇಳಿದ್ರಾ?"

"ಓಟಿಪಿ ಬರ್ಲೇ ಇಲ್ಲ ಕಣಪ್ಪಾ."

"ಬರ್ದೆ ದುಡ್ಡು ಹೋಗಲ್ಲ ಸರ್. ಒಂದ್ಸಲ ನೆನಪು ಮಾಡ್ಕೊಳ್ಳಿ."

ದುಡ್ಡು ಹೋಗಿದೆ, ಓಟಿಪಿ ಇಲ್ಲದೆ ಹೋಗದು, ಆದ್ದರಿಂದ ದೇವದತ್ತ ರಾತ್ರಿ ಓಟಿಪಿ ಉಂಡಿದ್ದಾನೆ. ಇದು ಪೂರ್ವಪಕ್ಷ. ಸಿದ್ಧಾಂತ ಹೀಗೆ: ಬೇರಾವ ರೀತಿಯಲ್ಲೂ ಸಂಗತಿ ಹೊಂದದಿದ್ದಾಗ ಮಾತ್ರ ಅರ್ಥಾಪತ್ತಿಗೆ ಬೆಲೆ. ಇಲ್ಲಿ ಬೇರೆ ದಾರಿ ಹೆದ್ದಾರಿಯಷ್ಟೇ ಅಗಲವಾಗಿದೆ. ಆನ್‌ಲೈನ್ ಖರೀದಿಗೆ ಎರಡನೆಯ ತಪಾಸಣೆ ಬೇಕೆಂದು ರಿಸರ್ವ್ ಬ್ಯಾಂಕ್ 2009ರ ಆಗಸ್ಟಿನಲ್ಲಿ ಕಡ್ಡಾಯ ಮಾಡಿದ್ದು ದೇಶದೊಳಗಿನ ವ್ಯವಹಾರಕ್ಕೆ. ಹೊರಗಿನ ಎಷ್ಟೋ ಅಂಗಡಿಗಳಿಗೆ ಕಾರ್ಡಿನ ಸಂಖ್ಯೆ, ಅವಧಿ ಮುಗಿಯುವ ತಿಂಗಳು, ಬೆನ್ನ ಮೇಲಿನ ಮೂರು ಅಂಕಿ, ಇಷ್ಟಿದ್ದರೆ ಸಾಕು. ಕೆಲವಕ್ಕೆ ಆ ಮೂರು ಅಂಕಿಯೂ ಬೇಡ.

ಇದಕ್ಕೆ ಯಜ್ಞದತ್ತನ ಪ್ರತ್ಯುತ್ತರ: ಹೊರದೇಶದ ಬಳಕೆಯ ಸ್ವಿಚ್ಚು ತೆರೆದವರು ಯಾರು? ದೇವದತ್ತನೇ, ಮಗಳ ಪರೀಕ್ಷಾ ಶುಲ್ಕ ಕಟ್ಟಲು. ಮುಚ್ಚಲು ಮರೆತ. ಆದರೆ ಶಾಸ್ತ್ರದಲ್ಲಿ ಗ್ರಾಹಕನ ನಿರ್ಲಕ್ಷ್ಯಕ್ಕೆ ಕೊಟ್ಟ ದೃಷ್ಟಾಂತ ಗುಟ್ಟಿನ ಸಂಖ್ಯೆಯನ್ನು ಇತರರಿಗೆ ಹೇಳುವುದು. ಸ್ವಿಚ್ಚಿನ ಮಾತು ಅಲ್ಲಿಲ್ಲ.

ಶಾಸ್ತ್ರವೆಂದರೆ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ. ಗ್ರಾಹಕನ ಹೊಣೆಯನ್ನು ರುಜುವಾತು ಮಾಡುವ ಭಾರ ಬ್ಯಾಂಕಿನ ಮೇಲಿದೆ ಎಂದು ಅದು ನೇರವಾಗಿ ಹೇಳುತ್ತದೆ. ಮೀಮಾಂಸಕರು ವೇದವಾಕ್ಯಗಳನ್ನು ಮಾಡಲೇಬೇಕಾದ ವಿಧಿ, ಬರಿಯ ಹೊಗಳಿಕೆಯ ಅರ್ಥವಾದ ಎಂದು ವಿಂಗಡಿಸುತ್ತಾರೆ. ಶಾಖೆಯಲ್ಲಿ ವಿಚಾರಿಸಿದಾಗ ಈ ವಾಕ್ಯ ಅರ್ಥವಾದವೆಂದೂ, 'ಮೂರೂ ಪ್ರತಿಗೆ ಸಹಿ ಹಾಕಿ' ಎಂಬುದು ವಿಧಿಯೆಂದೂ ತಿಳಿದುಬಂತು. ಎಚ್ಚರಿಕೆಯ ಎಸ್ಸೆಮ್ಮೆಸ್ಸಿಗೆ ಗ್ರಾಹಕ ಅಲ್ಲಿಂದಲೇ ಉತ್ತರಿಸುವಂತಿರಬೇಕು ಎಂದೂ ಅದೇ ಸುತ್ತೋಲೆಯಲ್ಲಿದೆ. ದೇವದತ್ತ ಉತ್ತರಿಸಿದ. ಸಂದೇಶ ಹೋಗಲಿಲ್ಲ.

ಈಗ ಕಾಲನಿರ್ಣಯ, ಇಡೀ ಶಾಸ್ತ್ರದ ಪ್ರಾಣ ಇಲ್ಲಿದೆ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ ಎಂದಾದಾಗ, ಮೂರು ಕೆಲಸದ ದಿನಗಳೊಳಗೆ ತಿಳಿಸಿದವನಿಗೆ ನಷ್ಟ ಸೊನ್ನೆ. ನಾಲ್ಕರಿಂದ ಏಳನೆಯ ದಿನಕ್ಕೆ ಬಂದವನು, ಐದು ಲಕ್ಷದವರೆಗಿನ ಮಿತಿಯ ಕಾರ್ಡಾದರೆ, 10,000 ರೂಪಾಯಿಯವರೆಗೆ ತಾನೇ ಹೊರಬೇಕು. ಶುಕ್ರವಾರದಿಂದಲೇ ಫೋನು ಹಚ್ಚಿದರೂ ದೇವದತ್ತನಿಗೆ ದೂರಿನ ಸಂಖ್ಯೆ ದಕ್ಕಿದ್ದು ಗುರುವಾರ. ಎಸ್ಸೆಮ್ಮೆಸ್ ಬಂದ ಶುಕ್ರವಾರ ಎಣಿಕೆಗಿಲ್ಲ. ಮರುದಿನ ಎರಡನೇ ಶನಿವಾರ, ಆಮೇಲೆ ಭಾನುವಾರ. ಸೋಮವಾರ ಕನಕ ಜಯಂತಿ. ಬ್ಯಾಂಕಿನ ಮುಂಬೈ ಕಚೇರಿಯ ಪಂಚಾಂಗದಲ್ಲಿ ಸೋಮವಾರ ಕೆಲಸದ ದಿನ, ಹಾಗಾಗಿ ಗುರುವಾರ ನಾಲ್ಕನೆಯದು. ದಾವಣಗೆರೆಯ ಪಂಚಾಂಗದಲ್ಲಿ ಮೂರನೆಯದು. ಗ್ರಾಹಕನ ಸ್ವಂತ ಶಾಖೆಯ ಕೆಲಸದ ದಿನಗಳನ್ನೇ ಎಣಿಸಬೇಕೆಂದು ಸುತ್ತೋಲೆ ವಿಧಿಸಿರುವುದರಿಂದ ದಾವಣಗೆರೆ ಗೆದ್ದಿತು. ಕನಕದಾಸರಿಂದ ಹತ್ತು ಸಾವಿರ ಉಳಿದ ಇನ್ನೊಬ್ಬ ಭಕ್ತನನ್ನು ನಾವು ಕಂಡಿಲ್ಲ.

ನಡುವೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ, ಸೆನ್ ಠಾಣೆಯ ಬೆಂಚು. ಸೈಬರ್, ಆರ್ಥಿಕ, ಮಾದಕ ವಸ್ತು ಮೂರೂ ಅಪರಾಧಗಳಿಗೆ ಅದೊಂದೇ ಠಾಣೆಯಾದ್ದರಿಂದ, ದೇವದತ್ತನ ಪಕ್ಕ ಕೂತವನು ಯಾವ ಪ್ರಕರಣದವನು ಎಂಬುದು ಕೊನೆಗೂ ಅನಿರ್ಣೀತ.

ದೂರು ಕೊಟ್ಟ ಹತ್ತು ಕೆಲಸದ ದಿನಗಳೊಳಗೆ ಬ್ಯಾಂಕು ಹಣವನ್ನು ತಾತ್ಕಾಲಿಕವಾಗಿ ಜಮೆ ಮಾಡಬೇಕು. ಈ ಛಾಯಾ ಜಮೆಯ ಸ್ವರೂಪ ವೇದಾಂತಿಗಳಿಗೆ ಬಿಟ್ಟದ್ದು: ಖಾತೆಯಲ್ಲಿ ಕಾಣುತ್ತದೆ, ಆದ್ದರಿಂದ ಅಸತ್ತಲ್ಲ, ಮುಟ್ಟಿದರೆ ಸಿಗುವುದಿಲ್ಲ, ಆದ್ದರಿಂದ ಸತ್ತೂ ಅಲ್ಲ. ಇತ್ಯರ್ಥಕ್ಕೆ 90 ದಿನಗಳ ಗಡುವು. ಬ್ಯಾಂಕು 30 ದಿನ ಸುಮ್ಮನಿದ್ದರೆ ಓಂಬುಡ್ಸ್‌ಮನ್ ಮೊರೆ ಹೋಗಬಹುದು. 2021ರ ನವೆಂಬರಿನಲ್ಲಿ ಆ ವ್ಯವಸ್ಥೆಯನ್ನು ದೇಶಕ್ಕೆಲ್ಲ ಒಂದೇ ಮಾಡಿದ ಮೇಲೆ ಕಾಗದದ ದೂರುಗಳು ಚಂಡೀಗಢಕ್ಕೆ ಹೋಗುತ್ತವೆ. ದೇವದತ್ತ ಅಲ್ಲಿಗೆ ಬರೆದ ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಬ್ಯಾಂಕಿನ ಪತ್ರ ಬಂತು: ವ್ಯವಹಾರ ತಮ್ಮದಲ್ಲವೆಂದು ಒಪ್ಪಿದ್ದೇವೆ, 18,640 ಮರಳಿಸಿದ್ದೇವೆ.

ಮುಂದಿನ ಬಿಲ್ಲಿನಲ್ಲಿ ಎರಡು ಸಾಲುಗಳು ಹಾಗೇ ಇದ್ದವು. ವಿದೇಶಿ ವಿನಿಮಯದ ಶುಲ್ಕ ಶೇ. 3.5ರಂತೆ 652.40, ಅದರ ಮೇಲೆ ಶೇ. 18 ಜಿಎಸ್‌ಟಿ, 117.43. ಮೊಲಕ್ಕೆ ಕೊಂಬಿಲ್ಲವೆಂದು ಬ್ಯಾಂಕು ಬರೆದು ಕೊಟ್ಟಿದೆ, ಕೊಂಬಿನ ತೆರಿಗೆ ಮಾತ್ರ ಬಾಕಿ. ದೇವದತ್ತ ಮತ್ತೆ ಫೋನು ಮಾಡಿದ. ಯಜ್ಞದತ್ತ ಪೂರ್ತಿ ಕೇಳಿಸಿಕೊಂಡ.

"ಅದಕ್ಕೆ ಬೇರೆ ದೂರು ಹಾಕ್ಬೇಕಾಗುತ್ತೆ ಸರ್. ಈ ಖರ್ಚು ಮಾಡಿದ್ದು ನೀವೇನಾ?"