ಸೊಂಟದೆತ್ತರದ ಮರೆ

ಆಟಿ ತಿಂಗಳ ಮಳೆ ಮೂರು ದಿನದಿಂದ ಬಿಟ್ಟಿರಲಿಲ್ಲ. ತೋಟಕ್ಕೆ ಇಳಿಯುವ ಹಾಗಿಲ್ಲ, ಪೆರ್ಲ ಪೇಟೆಗೆ ಹೋಗಿ ಮಾಡುವಂಥ ಘನಕಾರ್ಯವೂ ಇಲ್ಲ. ಜಗಲಿಯಲ್ಲಿ ಕೂತು ಅಂಗಳದ ನೀರು ನೋಡುತ್ತಿದ್ದೆ. ಮಳೆಗೆ ಶಾಲೆಗೆ ರಜೆ ಸಿಕ್ಕಿ ನಮ್ಮಲ್ಲಿಗೆ ಬಂದಿದ್ದ ತಂಗಿಯ ಮಗ ಫೋನನ್ನು ನನ್ನ ಕೈಗೆ ಕೊಟ್ಟು, “ಮಾವ, ಇದೊಂದು ಆಡಿ ನೋಡಿ. ನಿಮಗೆ ಆಗುವಂಥದ್ದೇ. ನಡೆಯುವುದೂ ಬೇಡ, ಓಡುವುದೂ ಬೇಡ. ಕೂತಲ್ಲಿಂದಲೇ ಗುಂಡು ಹೊಡೆಯುವುದು” ಎಂದ. ಐವತ್ತೆಂಟು ದಾಟಿದ, ಮೊಣಕಾಲು ನೋವಿನ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಶಿಫಾರಸು ಎಲ್ಲಿ ಸಿಕ್ಕೀತು?

ಆಟ ಬಹಳ ಸರಳ. ಒಂದು ಮುರುಕು ಗೋಡೆ, ಅದರ ಹಿಂದೆ ಕುಕ್ಕರಗಾಲಲ್ಲಿ ಕೂತ ಒಬ್ಬ ಸೈನಿಕ. ನಮಗೆ ಕಾಣುವುದು ಅವನ ಬೆನ್ನು ಮಾತ್ರ. ಪರದೆಗೆ ಹೆಬ್ಬೆರಳು ಒತ್ತಿದರೆ ತಲೆಯೆತ್ತಿ ಗುಂಡು ಹಾರಿಸುತ್ತಾನೆ, ಬೆರಳು ತೆಗೆದರೆ ತಲೆ ತಗ್ಗಿಸಿ ಕೋವಿಗೆ ಗುಂಡು ತುಂಬಿಸಿಕೊಳ್ಳುತ್ತಾನೆ. ಎದುರಿನ ಗೋಡೆಗಳ ಹಿಂದಿನಿಂದ ವೈರಿಗಳೂ ಹೀಗೆಯೇ ಇಣುಕುತ್ತಾರೆ. ಅವರ ಗುಂಡು ನಮಗೆ ತಾಗಿದರೆ ಪರದೆಯ ಅಂಚು ಎಲೆಯಡಿಕೆ ತಿಂದವನ ಬಾಯಿಯ ಹಾಗೆ ಕೆಂಪಾಗುತ್ತದೆ. ಆಗ ಗೋಡೆಯ ಹಿಂದೆ ಐದಾರು ಸೆಕೆಂಡು ಸುಮ್ಮನೆ ಕೂತರಾಯಿತು, ಗಾಯ ತಾನಾಗಿ ಮಾಯುತ್ತದೆ. ನನ್ನ ಮೊಣಕಾಲಿಗೆ ಎರಡು ವರ್ಷದಿಂದ ತೈಲ ತಿಕ್ಕುತ್ತಿದ್ದೇನೆ. ಯುದ್ಧಕ್ಕೆ ಹೋದವನಿಗೆ ಇರುವ ಸೌಲಭ್ಯ ಜಗಲಿಯಲ್ಲಿ ಕೂತವನಿಗಿಲ್ಲ.

ಮೊದಲ ಸಲ ನಾನು ಸತ್ತದ್ದು ಕುತೂಹಲದಿಂದ. ಗೋಡೆಯ ಆಚೆ ಎಂತ ಉಂಟು, ಯಾರ ಊರು, ಏನು ಬೆಳೆ ಎಂದು ನೋಡುವುದಕ್ಕೆ ಬೆರಳು ಒತ್ತಿಯೇ ಹಿಡಿದಿದ್ದೆ. “ಎದ್ದು ನಿಲ್ಲಬೇಡಿ ಮಾವ!” ಎಂದು ಅಳಿಯ ಕೂಗುವಷ್ಟರಲ್ಲಿ ಪರದೆ ಕಪ್ಪಾಯಿತು. ಕೂಡಲೇ ಒಂದು ಜಾಹೀರಾತು. ಜಾಹೀರಾತು ಮಲಯಾಳದಲ್ಲಿ ಮಾತಾಡುತ್ತದೆ, ಸೈನಿಕ ಇಂಗ್ಲಿಷಿನಲ್ಲಿ ಕಿರುಚುತ್ತಾನೆ, ಅಳಿಯ ತುಳುವಿನಲ್ಲಿ ಬೈಯುತ್ತಾನೆ, ನಾನು ಕನ್ನಡದಲ್ಲಿ ಸಾಯುತ್ತೇನೆ. ಕೇರಳದ ನಮ್ಮ ಎಣ್ಮಕಜೆ ಪಂಚಾಯತಿನಲ್ಲಿ ಇದೇನೂ ವಿಶೇಷವಲ್ಲ.

ಆಟಿಯಲ್ಲಿ ಹಿಂದೆ ಇದೇ ಜಗಲಿಯಲ್ಲಿ ಚೆನ್ನೆಮಣೆ ನಡೆಯುತ್ತಿತ್ತು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಐವತ್ತಾರು ಮಂಜೊಟ್ಟಿ ಕಾಯಿ. ನನ್ನ ಅಜ್ಜಿ ಕಾಯಿಯನ್ನು ಬೆರಳಿನಿಂದ ಎಣಿಸುತ್ತಿರಲಿಲ್ಲ, ಕಣ್ಣಿನಿಂದಲೇ ಎಣಿಸುತ್ತಿದ್ದರು. ಎದುರಾಳಿ ಎರಡು ಗೇಣು ದೂರದಲ್ಲಿ ಮುಖಕ್ಕೆ ಮುಖ ಕೊಟ್ಟು ಕೂತಿರುತ್ತಾನೆ, ಬಚ್ಚಿಡುವುದಕ್ಕೆ ಯಾವುದೂ ಇಲ್ಲ. ಹಾಗಾಗಿಯೇ ಏನೋ ಸೋತವರಿಗೆ ಸಿಟ್ಟು ಜಾಸ್ತಿ. ಫೋನಿನ ಆಟದಲ್ಲಿ ಸೋತರೆ ಯಾರಿಗೂ ಗೊತ್ತಾಗುವುದಿಲ್ಲ. ಸೋಲಿಗೂ ಒಂದು ಮರೆ ಉಂಟು.

ಈ ಆಟದ ರುಚಿ ಇರುವುದು ಗುಂಡಿನಲ್ಲಿ ಅಲ್ಲ, ಮರೆಯಲ್ಲಿ. ನಾಲ್ಕನೇ ದಿನಕ್ಕೆ ನನಗೆ ಅದು ಖಾತ್ರಿಯಾಯಿತು. ಗುಂಡು ಗೋಡೆಗೆ ಬಡಿದು ಸುಣ್ಣದ ಧೂಳು ಹಾರುತ್ತದೆ, ಕಲ್ಲಿನ ಚೂರು ಸಿಡಿಯುತ್ತದೆ, ನಾವು ಮಾತ್ರ ಒಳಗೆ ಬೆಚ್ಚಗೆ. ಹೊರಗೆ ಮಳೆ ಹೊಯ್ಯುವಾಗ ಹೊದ್ದು ಮಲಗಿದವನಿಗೆ ಸಿಗುವುದು ಇದೇ ಸುಖ. ನನಗಂತೂ ವೈರಿಯನ್ನು ಕೊಂದದ್ದಕ್ಕಿಂತ ಸಾಯದೆ ಕೂತದ್ದೇ ಹೆಚ್ಚು ಖುಷಿ ಕೊಟ್ಟಿತು. ಎಷ್ಟೋ ಸಲ ಗುಂಡನ್ನೇ ಹೊಡೆಯದೆ ಸುಮ್ಮನೆ ಕೂತಿದ್ದೇನೆ. “ಮಾವ, ಮಲಗಿದಿರಾ?” ಎಂದು ಅಳಿಯ ಕೇಳಿದ್ದೂ ಉಂಟು.

ಹುಡುಗರಾಗಿದ್ದಾಗ ನಮ್ಮದೂ ಕೋವಿಯ ಆಟವೇ. ಸಣ್ಣ ಬಿದಿರಿನ ಓಟೆ, ಅದರೊಳಗೆ ಸರಿಯಾಗಿ ಕೂರುವಷ್ಟು ದಪ್ಪದ ಕಾಡುಕಾಯಿ, ದೂಡುವುದಕ್ಕೊಂದು ಕೋಲು. ಮೊದಲ ಕಾಯಿಯನ್ನು ತುದಿಯವರೆಗೆ ದೂಡಿ ಅಲ್ಲೇ ಬಿಗಿಯಾಗಿ ಕೂರಿಸಬೇಕು. ಎರಡನೆಯದನ್ನು ಹಿಂದಿನಿಂದ ಜೋರಾಗಿ ದೂಡಿದರೆ ನಡುವೆ ಸಿಕ್ಕಿಕೊಂಡ ಗಾಳಿ ಒತ್ತಡ ತಾಳದೆ ಮೊದಲನೆಯದನ್ನು ‘ಟಪ್’ ಎಂದು ಹಾರಿಸುತ್ತದೆ, ಎರಡನೆಯದು ಹೋಗಿ ಅದರ ಜಾಗದಲ್ಲಿ ಕೂರುತ್ತದೆ. ಒಂದು ಹೊಡೆದರೆ ಮುಂದಿನದು ತಯಾರು ಎಂಬ ಈ ಉಪಾಯ ಮೊದಲು ಯಾರಿಗೆ ಹೊಳೆಯಿತೋ! ಆದರೆ ಮೂರನೆಯ ಕಾಯಿ ಹಾಕುವುದಕ್ಕೆ ಎರಡೂ ಕೈ ಬೇಕು, ಕಣ್ಣೂ ಅಲ್ಲೇ ಇರಬೇಕು. ಆ ಹೊತ್ತಿನಲ್ಲಿ ಹಟ್ಟಿಯ ಗೋಡೆಯೋ ಬೈಹುಲ್ಲಿನ ರಾಶಿಯೋ ಸಿಕ್ಕದಿದ್ದರೆ ಬೆನ್ನಿಗೆ ಪಟಪಟನೆ ನಾಲ್ಕು ಬಿದ್ದೇ ಬಿಡುತ್ತಿತ್ತು.

ಎಲ್ಲಕ್ಕಿಂತ ಒಳ್ಳೆಯ ಮರೆ ಎಂದರೆ ಸುರಂಗ. ನಮ್ಮ ಕಡೆ ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಕೊರೆದು ನೀರು ತೆಗೆಯುತ್ತಾರೆ. ಒಬ್ಬ ಬಗ್ಗಿ ಹೋಗುವಷ್ಟು ಅಗಲ, ಒಳಗೆ ಕತ್ತಲೆ, ಪಾದ ಮುಳುಗುವಷ್ಟು ತಣ್ಣನೆಯ ನೀರು, ಬಾವಲಿ. ಒಂದು ಸಲ ಅದರೊಳಗೆ ಹೋಗಿ ಕೂತೆ. ಯಾರೂ ಹುಡುಕಿ ಬರಲಿಲ್ಲ. ನಾನು ಗೆದ್ದೆ, ಗೆದ್ದೆ ಎಂದು ಒಂದು ಗಂಟೆ ಖುಷಿಪಟ್ಟು ಹೊರಗೆ ಬಂದರೆ ಎಲ್ಲರೂ ಆಟ ಬಿಟ್ಟು ಊಟಕ್ಕೆ ಹೋಗಿಯಾಗಿತ್ತು. ಕನ್ನಡದಲ್ಲಿ ‘ಮರೆ’ ಎಂಬುದಕ್ಕೆ ಎರಡು ಅರ್ಥ ಉಂಟೆಂದು ವ್ಯಾಕರಣದ ಮಾಸ್ತರರಿಗಿಂತ ಮೊದಲು ನನಗೆ ಹಸಿವು ಕಲಿಸಿತು.

ಮರೆಯಲ್ಲಿ ನಿಂತು ಹೊಡೆಯುವ ಪದ್ಧತಿ ವಿಡಿಯೊ ಆಟಗಳಿಗೆ ಸಣ್ಣ ಪ್ರಾಯದಲ್ಲೇ ಅಂಟಿಕೊಂಡದ್ದು. 1978ರಲ್ಲಿ ಜಪಾನಿನ ಟೈಟೊ ಕಂಪನಿಗಾಗಿ ತೊಮೊಹಿರೊ ನಿಶಿಕಾಡೊ ಮಾಡಿದ ‘ಸ್ಪೇಸ್ ಇನ್‌ವೇಡರ್ಸ್’ನಲ್ಲೇ ನಾಲ್ಕು ಮರೆಗಳಿದ್ದವು. ಅವುಗಳ ಚಂದ ಏನೆಂದರೆ ವೈರಿಯ ಗುಂಡಿಗೂ ಸವೆಯುತ್ತವೆ, ನಮ್ಮ ಗುಂಡಿಗೂ ಸವೆಯುತ್ತವೆ. ನಮ್ಮ ಮಾಡಿಗೆ ನಾವೇ ತೂತು ಕೊರೆದ ಹಾಗೆ. ತೊಂಬತ್ತರ ದಶಕದಲ್ಲಿ ನಾಮ್ಕೊ ಕಂಪನಿಯ ‘ಟೈಮ್ ಕ್ರೈಸಿಸ್’ ಬಂದಾಗ ಮರೆ ಕಾಲಿಗೆ ಇಳಿಯಿತು: ಪೆಡಲು ತುಳಿದರೆ ಹೊರಗೆ, ಬಿಟ್ಟರೆ ಒಳಗೆ. ಮಂಗಳೂರಿನ ಒಂದು ಮಾಲಿನಲ್ಲಿ ಅಂಥದ್ದನ್ನು ಒಮ್ಮೆ ತುಳಿದಿದ್ದೇನೆ. ಹೊಲಿಗೆ ಯಂತ್ರ ತುಳಿದ ಅಭ್ಯಾಸವಿದ್ದ ನನ್ನ ಹೆಂಡತಿ ನನಗಿಂತ ಹೆಚ್ಚು ಹೊತ್ತು ಬದುಕಿದಳು. 2003ರ ‘ಕಿಲ್ ಸ್ವಿಚ್’ ಗೋಡೆಗೆ ಬೆನ್ನು ಆನಿಸಿ ನೋಡದೆಯೇ ಹೊಡೆಯುವುದನ್ನು ಕಲಿಸಿತು. 2006ರ ‘ಗಿಯರ್ಸ್ ಆಫ್ ವಾರ್’ ಬಂದ ಮೇಲಂತೂ ಮರೆ ಇಲ್ಲದ ಯುದ್ಧಕ್ಕೆ ಬೆಲೆಯೇ ಇಲ್ಲ ಎಂಬಂತಾಯಿತು. ನಮ್ಮ ಜಗಲಿಯ ಆಟ ಇವುಗಳ ಬಡ ಸಂಬಂಧಿ. ಕ್ರಯ ಇಲ್ಲ, ಹಾಗಾಗಿ ನಾಚಿಕೆಯೂ ಇಲ್ಲ.

ಬಡ ಸಂಬಂಧಿಯ ದೋಷ ಎತ್ತಿ ಆಡಬಾರದು ಎನ್ನುತ್ತಾರೆ. ಆದರೂ ಆ ಗೋಡೆಗಳ ವಿಷಯ ಹೇಳದೆ ಇರಲಿಕ್ಕೆ ಆಗುವುದಿಲ್ಲ. ಎಲ್ಲಿ ಹೋದರೂ ಸರಿಯಾಗಿ ಸೊಂಟದೆತ್ತರ! ಮರುಭೂಮಿಯಲ್ಲಿ, ಬಂದರಿನಲ್ಲಿ, ಆಸ್ಪತ್ರೆಯ ಒಳಗೆ, ಹಿಮದ ಬೆಟ್ಟದ ಮೇಲೆ, ಒಂದೇ ಮೇಸ್ತ್ರಿ ಕಟ್ಟಿದ ಹಾಗೆ ಒಂದೇ ಅಳತೆ. ಹತ್ತು ಮಾರು ಕೆಂಪುಕಲ್ಲಿನ ಪಾಗಾರ ಹಾಕಿಸುವುದಕ್ಕೆ ಕಲ್ಲು, ಲಾರಿ, ಕೂಲಿ ಎಂದು ನಾನು ಮೂರು ವರ್ಷ ಲೆಕ್ಕ ಹಾಕಿದವನು. ಇಲ್ಲಿ ಯಾರಿಗೂ ಬೇಡದ ಬಯಲಿನಲ್ಲಿ ಇಷ್ಟೊಂದು ಗೋಡೆ ಕಟ್ಟಿದ ಪುಣ್ಯಾತ್ಮ ಯಾರು? ಖಾಲಿ ಅಂಗಳದಲ್ಲಿ ತಗ್ಗು ಗೋಡೆಗಳ ಸಾಲು ಕಂಡಿತೋ, ಈಗ ಗುಂಡು ಬರುತ್ತದೆ ಎಂದು ಗೊತ್ತಾಗಿಬಿಡುತ್ತದೆ. ಸಭೆಯಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ ಕಂಡ ಕೂಡಲೇ ಮುಂದಿನ ಒಂದು ಗಂಟೆ ಏನಾಗುತ್ತದೆ ಎಂದು ನಮಗೆ ತಿಳಿಯುವುದಿಲ್ಲವೇ, ಹಾಗೆ.

ವೈರಿಗಳಿಗೆ ಇರುವುದು ಮೂರೇ ಮುಖ. ಗಡ್ಡದವ, ಟೊಪ್ಪಿಯವ, ಗಡ್ಡ ಟೊಪ್ಪಿ ಎರಡೂ ಇದ್ದವ. ಒಬ್ಬ ಸತ್ತ ಜಾಗದಲ್ಲೇ ಮತ್ತೊಬ್ಬ ತಲೆಯೆತ್ತುತ್ತಾನೆ, ಮೊದಲಿನವನಿಗೆ ಏನಾಯಿತೆಂದು ವಿಚಾರಿಸುವುದೂ ಇಲ್ಲ. ಅವರ ಪಕ್ಕದಲ್ಲಿ ಯಾವಾಗಲೂ ಒಂದು ಕೆಂಪು ಡ್ರಮ್ಮು, ಅದಕ್ಕೆ ಗುಂಡು ತಾಗಿದರೆ ಸ್ಫೋಟ. ಯುದ್ಧಕ್ಕೆ ಬಂದವರು ಪೆಟ್ರೋಲಿನ ಡ್ರಮ್ಮಿಗೇ ಒರಗಿ ನಿಲ್ಲುವುದು ಯಾವ ಬುದ್ಧಿ? ಆರೇಳು ಸುತ್ತು ಆದ ಮೇಲೆ ‘ನಿಮ್ಮ ಶಕ್ತಿ ಮುಗಿಯಿತು, ಇಪ್ಪತ್ತು ನಿಮಿಷ ಕಾಯಿರಿ, ಇಲ್ಲವೇ ದುಡ್ಡು ಕೊಡಿ’ ಎಂಬ ಸೂಚನೆ. ಇಪ್ಪತ್ತು ನಿಮಿಷ ಕಾಯುವುದು ನನಗೆ ಕಷ್ಟವಲ್ಲ. ಪೆರ್ಲದಲ್ಲಿ ಬಸ್ಸಿಗೆ ಕಾದು ಅಭ್ಯಾಸ ಉಂಟು.

ಎಂಟನೇ ಹಂತವನ್ನು ನಾನು ದಾಟಲಿಲ್ಲ. ತುಳುವಿನಲ್ಲಿ ಎಣ್ಮ ಎಂದರೆ ಎಂಟು. ಊರಿನ ಹೆಸರಿನಲ್ಲೇ ಎಂಟು ಕೂತಿರುವಾಗ ಅದನ್ನು ದಾಟಿ ಎಲ್ಲಿಗೆ ಹೋಗುವುದು ಎಂದು ಅಳಿಯನಿಗೆ ಸಮಾಧಾನ ಹೇಳಿದೆ. ಕಾರಣ ಬೇರೆ ಇತ್ತು. ಎಂಟನೇ ಹಂತದಲ್ಲಿ ಹೆಲಿಕಾಪ್ಟರ್ ಬರುತ್ತದೆ. ನಮ್ಮದೇ ಪಂಚಾಯತಿನ ಪಡ್ರೆ, ಸ್ವರ್ಗದ ಕಡೆಯವರಿಗೆ ಆ ಸದ್ದು ಆಟದ್ದಲ್ಲ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಗುಡ್ಡದ ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಕೀಟನಾಶಕದ ವಿಷ ಸುರಿದದ್ದು ಹೆಲಿಕಾಪ್ಟರಿನಿಂದ. ಬಾವಿಗೆ ಮುಚ್ಚಳ ಹಾಕಬಹುದು. ಗುಡ್ಡದಿಂದ ಹರಿದು ಬರುವ ಸುರಂಗದ ನೀರಿಗೆ, ತೋಡಿಗೆ, ಆಡುವ ಮಕ್ಕಳಿಗೆ ಮುಚ್ಚಳ ಎಲ್ಲಿಂದ ತರುವುದು? ಫೋನಿನಲ್ಲಿ ರೆಕ್ಕೆ ತಿರುಗುವ ಸದ್ದು ಬಂದಾಗ ಒಳಗಿದ್ದ ಅಕ್ಕ, “ಅದನ್ನೊಮ್ಮೆ ನಿಲ್ಲಿಸಿ” ಎಂದಳು. ನಿಲ್ಲಿಸಿದೆ. ಮತ್ತೆ ಆ ಹಂತಕ್ಕೆ ಹೋಗಲಿಲ್ಲ.

ಏಳರವರೆಗಿನ ಹಂತಗಳನ್ನೇ ತಿರುಗಾ ಮುರುಗಾ ಆಡುವಾಗ ಒಂದು ಸಂಶಯ ತಲೆಗೆ ಹೊಕ್ಕಿತು. ಮರೆಯಲ್ಲಿ ನಿಂತು ಹೊಡೆದ ಪ್ರಕರಣ ನಮಗೆ ಹೊಸತಲ್ಲ, ರಾಮ ವಾಲಿಯನ್ನು ಹೊಡೆದದ್ದು ಉಂಟಲ್ಲ! ನೋಡುತ್ತಾ ಹೋದರೆ ಈ ಆಟಕ್ಕೆ ಬೇಕಾದದ್ದೆಲ್ಲ ಕಿಷ್ಕಿಂಧೆಯಲ್ಲಿ ಮೊದಲೇ ತಯಾರಿತ್ತು. ಶುರುವಿಗೆ ಅಭ್ಯಾಸದ ಹಂತ: ಏಳು ಸಾಲವೃಕ್ಷಗಳನ್ನು ಒಂದೇ ಬಾಣದಲ್ಲಿ ತೂರಬೇಕು. ತೂರಿದ ಬಾಣ ತಿರುಗಿ ಬತ್ತಳಿಕೆಗೇ ಬಂತು ಎನ್ನುತ್ತಾನೆ ವಾಲ್ಮೀಕಿ, ಅಂದರೆ ಗುಂಡು ಮುಗಿಯುವ ಹೆದರಿಕೆ ಇಲ್ಲ. ಅಣ್ಣ ತಮ್ಮ ಒಂದೇ ರೂಪ ಇದ್ದುದರಿಂದ ಮೊದಲ ಸುತ್ತಿನಲ್ಲಿ ಗುರಿ ಹಿಡಿಯಲಾಗದೆ ಸುಗ್ರೀವ ಪೆಟ್ಟು ತಿಂದು ಓಡಿ ಬಂದ. ಎರಡನೇ ಸುತ್ತಿಗೆ ಅವನ ಕೊರಳಿಗೆ ಗಜಪುಷ್ಪಿಯ ಬಳ್ಳಿ. ಆಟದಲ್ಲಿ ನಮ್ಮವರ ತಲೆಯ ಮೇಲೆ ಹಸುರು ಗುರುತು ತೇಲುತ್ತದಲ್ಲ, ಅದೇ ಇದು. ಎದುರು ನಿಂತವನ ಅರ್ಧ ಬಲ ವಾಲಿಗೆ ಹೋಗುತ್ತದೆ ಎಂಬ ಪ್ರತೀತಿಯೂ ಸೇರಿದರೆ ಮರದ ಹಿಂದೆ ನಿಲ್ಲದೆ ಉಪಾಯವಿಲ್ಲ.

ಆದರೆ ನಮ್ಮ ಕಡೆ ಕಥೆ ಶುರುವಾಗುವುದೇ ಬಾಣ ತಾಗಿದ ಮೇಲೆ. ಇದು ಯಕ್ಷಗಾನಕ್ಕೆ ರಾಮಾಯಣವನ್ನು ಬರೆದುಕೊಟ್ಟ ಪಾರ್ತಿಸುಬ್ಬನ ಸೀಮೆ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಬಿಲ್ಲೂ ಇಲ್ಲ. ಭಾಗವತರು ಪದ ಹೇಳಿ ನಿಲ್ಲಿಸಿದರೆ ಬಿಳಿ ಪಂಚೆ, ಹೆಗಲಿಗೆ ಶಾಲು ಹಾಕಿ ಕೂತ ವಾಲಿ ಒಮ್ಮೆ ಕೆಮ್ಮಿ, ಎದುರು ಕೂತ ರಾಮನನ್ನು ವಿಚಾರಿಸಿಕೊಳ್ಳುವುದಕ್ಕೆ ಹೊರಡುತ್ತಾನೆ. ಯಾಕೆ ಅಡಗಿದೆ? ನಿನಗೂ ನನಗೂ ಏನು ದ್ವೇಷ? ನನ್ನ ಮಾಂಸ ತಿನ್ನುತ್ತೀಯಾ, ಚರ್ಮ ಉಡುತ್ತೀಯಾ? ರಾಮ ಹೇಳುತ್ತಾನೆ: ನೀನು ತಮ್ಮನ ಹೆಂಡತಿಯನ್ನು ಇಟ್ಟುಕೊಂಡವ, ಮೇಲಾಗಿ ಶಾಖಾಮೃಗ, ಮೃಗವನ್ನು ರಾಜ ಅಡಗಿ ಹೊಡೆದರೆ ತಪ್ಪಿಲ್ಲ. ಮೃಗ ಎಂದಾದರೆ ಮೃಗಕ್ಕೆ ತಮ್ಮನ ಹೆಂಡತಿ ಯಾವುದು, ಅಣ್ಣನ ಹೆಂಡತಿ ಯಾವುದು ಎಂದು ವಾಲಿ ತಿರುಗಿ ಕೇಳಿದರೆ ಸಭೆ ಸರಿದು ಕೂರುತ್ತದೆ. ನಮ್ಮ ಪಂಚಾಯತಿನ ಶೇಣಿಯ ಹೆಸರನ್ನು ತಮ್ಮ ಹೆಸರಿಗೆ ಹೊತ್ತು ತಿರುಗಿದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯ ಅರ್ಥಕ್ಕೆ ಹೆಸರಾದವರು. ಅಂಥವರು ಎದುರಿದ್ದರೆ ಬಾಣ ತಾಗಿದ್ದು ವಾಲಿಗೆ, ನೋವು ರಾಮನ ಪಾತ್ರದವರಿಗೆ. ಸತ್ತವನಿಗೆ ಒಂದೂವರೆ ಗಂಟೆ ಮಾತಾಡುವುದಕ್ಕೆ ಅವಕಾಶ ಕೊಡುವ ಆಟ ಜಗತ್ತಿನಲ್ಲಿ ಬೇರೆ ಉಂಟೋ ನಾನು ಕಾಣೆ.

ಫೋನಿನ ಆಟದ ದೊಡ್ಡ ಐಬು ಇದೇ. ಮೂರು ಮುಖದ ಅಷ್ಟು ಜನರಲ್ಲಿ ಒಬ್ಬನೂ ಬಿದ್ದ ಮೇಲೆ ಒಂದು ಮಾತು ಕೇಳುವುದಿಲ್ಲ. ಬೀಳುತ್ತಾರೆ, ಎರಡು ಸೆಕೆಂಡಿನಲ್ಲಿ ಹೆಣವೂ ಮಾಯ. ಅಳಿಯನಿಗೆ ಇದನ್ನು ಹೇಳಿದೆ. ಅವನು ಸ್ವಲ್ಪ ಯೋಚಿಸಿ, “ಮಾತಾಡಿಸಬಹುದು ಮಾವ. ಆದರೆ ಅದಕ್ಕೂ ಮೊದಲು ಒಂದು ಜಾಹೀರಾತು ಹಾಕುತ್ತಾರೆ” ಎಂದ.

ಐದನೇ ದಿನ ಮಳೆ ಬಿಟ್ಟಿತು. ಬಿಸಿಲು ಕಂಡ ಕೂಡಲೇ ಮಂಗಗಳು ಇಳಿದವು. ನಮ್ಮ ತೋಟಕ್ಕೆ ಕಾಡುಹಂದಿಯೂ ಬರುತ್ತದೆ. ಹಂದಿಯಾದರೆ 2022ರಲ್ಲಿ ಕೇರಳ ಸರಕಾರ ಹೊಡೆಸುವ ಅಪ್ಪಣೆ ಕೊಡುವ ಅಧಿಕಾರವನ್ನು ಪಂಚಾಯತು ಅಧ್ಯಕ್ಷರಿಗೇ ಕೊಟ್ಟಿತು. ಮಂಗಕ್ಕೆ ಕಾನೂನಿನ ಕಾವಲು ಉಂಟು, ವಂಶದ ಹಿನ್ನೆಲೆಯೂ ಉಂಟು. ಹೆದರಿಸಿ ಓಡಿಸಬೇಕು, ಅಷ್ಟೆ. ನಾನು ರಬ್ಬರಿನ ಕವಣೆ, ನಾಲ್ಕು ಜಲ್ಲಿಕಲ್ಲು ಹಿಡಿದು ಹೊಸ ಪಾಗಾರದ ಹಿಂದೆ ಕೂತೆ. ಪಾಗಾರ, ನೀವೇ ಊಹಿಸಿ, ಸೊಂಟದೆತ್ತರ. ಕಲ್ಲು ತೆಂಗಿನ ಮಡಲಿಗೆ ತಾಗಿ ಸದ್ದಾದರೆ ಸಾಕು ಎಂದು ನನ್ನ ಲೆಕ್ಕ.

ಮೊದಲ ಕಲ್ಲು ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ತಲೆ ತಗ್ಗಿಸಿ ಎರಡನೆಯದನ್ನು ಕವಣೆಗೆ ಇಟ್ಟೆ. ಮೇಲೆ ಗಂಡುಮಂಗವೊಂದು ಮಡಲಿನ ಮರೆಯಿಂದ ಇಣುಕಿ, ತಲೆ ಒಳಗೆ ಎಳೆದುಕೊಂಡು, ಇನ್ನೊಂದು ಬದಿಯಿಂದ ಇಣುಕಿತು. ಮೂರು ಮುಖದವರಿಗಿಂತ ಇದು ಚೆನ್ನಾಗಿ ಆಡುತ್ತದೆ ಅನ್ನಿಸಿತು. ಒಂದು ಬೊಂಡ ಕಿತ್ತು, ಹಲ್ಲಿನಲ್ಲಿ ತೂತು ಮಾಡಿ ಕುಡಿಯಿತು. ಖಾಲಿ ಬೊಂಡ ಪಾಗಾರದಿಂದ ಎರಡು ಅಡಿ ಆಚೆ ಬಿತ್ತು. ಆಮೇಲೆ ಆ ಮಂಗ ಮರೆ ಬಿಟ್ಟು ಪೂರ್ತಿ ಹೊರಗೆ ಬಂದು, ಮಡಲಿನ ಬುಡದಲ್ಲಿ ಕಾಲು ಇಳಿಬಿಟ್ಟು ಕೂತು, ನನ್ನನ್ನೇ ನೋಡಿತು. ಏನೋ ಕೇಳಿ ಉತ್ತರಕ್ಕೆ ಕಾಯುವವರು ನೋಡುವ ಹಾಗೆ.

“ಎದ್ದು ನಿಲ್ಲಬೇಡಿ ಮಾವ!” ಎಂದು ಜಗಲಿಯಿಂದ ಅಳಿಯ ಕೂಗಿದ. ಅಷ್ಟರಲ್ಲಿ ನಾನು ಎದ್ದು ನಿಂತಾಗಿತ್ತು.